ಅಟ್ಟಕ್ಕೂ ಗಾಳಿಯ ದಾರಿ ಬೇಕು

ಮಳೆಗಾಲ ಮುಗಿದು, ಆಕಾಶ ತಿಳಿಯಾಗಿ, ಇಬ್ಬನಿ ಬೀಳತೊಡಗಿದ ಮೇಲೆ ಮಲೆನಾಡಿನ ಹಳೆಯ ಮನೆಗಳಲ್ಲಿ ಒಂದು ವಿಚಿತ್ರ ದೂರು ಕೇಳಿಬರುತ್ತದೆ: ಮಳೆಯಿಲ್ಲದಿದ್ದರೂ ಅಟ್ಟ ಸೋರುತ್ತಿದೆ. ಬೆಳಗಿನ ಜಾವ ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ. ಪಕಾಸುಗಳಿಗೆ ಬೂಷ್ಟು ಹಿಡಿಯುತ್ತದೆ. ಮೂಟೆಯಲ್ಲಿಟ್ಟ ಅಡಿಕೆ ಬಣ್ಣಗೆಡುತ್ತದೆ. ಯಜಮಾನರು ಪೇಟೆಯಿಂದ ಡಾಂಬರು ತಂದು ಮೊಳೆಯ ತೂತುಗಳಿಗೆಲ್ಲ ಮೆತ್ತುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಕಥೆ. ಕೊನೆಗೆ ಹಳೆಯ ಮನೆಯನ್ನು ಕೆಡವಿ ತಾರಸಿ ಹಾಕಿಸುವ ಮಾತು ಹೊರಡುತ್ತದೆ. ಈ ತೀರ್ಮಾನಕ್ಕೆ ಬರುವ ಮುನ್ನ ಆ ನೀರು ಎಲ್ಲಿಂದ ಬಂತೆಂದು ವಿಚಾರಿಸಬೇಕು ಎಂಬುದು ನನ್ನ ನಿಲುವು.

ಅದು ಮನೆಯೊಳಗಿನ ಗಾಳಿಯಲ್ಲಿಯೇ ಇದ್ದ ನೀರು. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ಆವಿಯನ್ನು ಹೊರಬಲ್ಲದು. 15 ಡಿಗ್ರಿಗೆ ಇಳಿದರೆ ಸುಮಾರು 13 ಗ್ರಾಂ ಮಾತ್ರ. ಅದಕ್ಕಿಂತ ಹೆಚ್ಚಿದ್ದುದು ಹನಿಯಾಗಿ ತಣ್ಣನೆಯ ಮೈಗೆ ಅಂಟುತ್ತದೆ. ಮೋಡವಿಲ್ಲದ ರಾತ್ರಿ ತಗಡು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಅಡಿಗೆಮನೆ, ಬಚ್ಚಲುಮನೆಗಳಿಂದ ಮೇಲೇರಿದ ಆವಿ ಅಲ್ಲಿ ಹನಿಯಾಗುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂಡುವ ಕ್ರಮವೇ ಇದು.

ಸೋರಿಕೆಯನ್ನೂ ಈ ಹನಿಯನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಸೋರಿಕೆ ಮಳೆ ಬಂದಾಗ, ಗೊತ್ತಾದ ಒಂದೆರಡು ಜಾಗದಲ್ಲಿ, ಕಂದು ಕಲೆ ಬಿಟ್ಟು ಇಳಿಯುತ್ತದೆ. ಹನಿ ಕಟ್ಟುವುದು ಚಳಿಯ ಮುಂಜಾನೆ, ತಗಡಿನ ಉದ್ದಗಲಕ್ಕೂ; ಮೊಳೆಯ ತುದಿಗಳೂ ಒದ್ದೆಯಾಗಿರುತ್ತವೆ; ಬಿಸಿಲೇರಿದೊಡನೆ ಮಾಯವಾಗುತ್ತದೆ. ಇದಕ್ಕೆ ಡಾಂಬರು ಮದ್ದಲ್ಲ.

ಹಿಂದೆ ಈ ತೊಂದರೆ ಇಷ್ಟು ಕಾಣುತ್ತಿರಲಿಲ್ಲವೇಕೆ? 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲೂ ಹಬ್ಬಿದ ಮಂಗಳೂರು ಹಂಚಾಗಲಿ, ಅದಕ್ಕೂ ಹಳೆಯದಾದ ನಾಡಹಂಚಾಗಲಿ ಸುಟ್ಟ ಮಣ್ಣಿನದು. ಸ್ವಲ್ಪ ತೇವವನ್ನು ಹೀರಿ ಬಿಸಿಲಿಗೆ ಮರಳಿ ಬಿಡುತ್ತದೆ. ಹಂಚು ಹಂಚಿನ ನಡುವೆ ಸಂದುಗಳಿರುತ್ತವೆ. ಕೆಳಗೆ ದಿನವಿಡೀ ಉರಿಯುತ್ತಿದ್ದ ಒಲೆಯ ಕಾವು ಅಟ್ಟದ ಗಾಳಿಯನ್ನು ಆ ಸಂದುಗಳಿಂದ ಹೊರದೂಡುತ್ತಿತ್ತು. ನಾವು ಈ ಮೂರನ್ನೂ ಬದಲಿಸಿದೆವು. ಮಂಗಗಳ ಕಾಟಕ್ಕೆ ಬೇಸತ್ತು ಹಂಚು ತೆಗೆದು ತಗಡು ಹೊದಿಸಿದವರನ್ನು ನಾನು ದೂರಲಾರೆ. ವರ್ಷಕ್ಕೆ ಮೂರು ಬಾರಿ ಹಂಚು ಹೊದಿಸುವ ಆಳು ಈಗ ಯಾರಿಗೆ ಸಿಗುತ್ತಾನೆ? ಆದರೆ ಕಸ ಉದುರಬಾರದೆಂದು ಹಂಚಿನಡಿ ಪ್ಲಾಸ್ಟಿಕ್ ಹಾಳೆ ಬಿಗಿದು, ಸೂರಿನ ಸಂದನ್ನು ಸಿಮೆಂಟಿನಿಂದ ಮುಚ್ಚಿದೆವು. ಅದು ಅನಗತ್ಯವಾಗಿತ್ತು.

ಅನಿಲ ಒಲೆಯೂ ನೀರನ್ನು ಉತ್ಪಾದಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಒಂದು ಕಿಲೋ ಅಡಿಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ, 14.2 ಕಿಲೋದ ಒಂದು ಸಿಲಿಂಡರಿನಿಂದ ಸುಮಾರು 22 ಲೀಟರು. ಹಾಗೆಂದು ಹೊಗೆಯ ಕಾಲಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಆ ಹೊಗೆ ಅಟ್ಟವನ್ನು ಒಣಗಿಸಿದಂತೆಯೇ ನಮ್ಮ ಅಜ್ಜಿಯರ, ಅಮ್ಮಂದಿರ ಶ್ವಾಸಕೋಶಗಳನ್ನೂ ಕೆಡಿಸಿತು. ಹಳೆಯದನ್ನು ಹೊಗಳುವ ಭರದಲ್ಲಿ ನಮ್ಮ ಪರಿಸರ ಗೆಳೆಯರು ಈ ಮಾತನ್ನು ಮರೆಯುವುದುಂಟು.

ನಷ್ಟವೇನೂ ಸಣ್ಣದಲ್ಲ. ಮರದ ತೇವಾಂಶ ಶೇಕಡಾ 20ನ್ನು ಮೀರಿ ಬಹುಕಾಲ ನಿಂತರೆ ಅದನ್ನು ಕೊಳೆಸುವ ಶಿಲೀಂಧ್ರಗಳಿಗೆ ಅನುಕೂಲವಾಗುತ್ತದೆ. ತಲೆಮಾರುಗಳನ್ನು ಕಂಡ ಹಲಸಿನ ತೊಲೆ, ಮತ್ತಿಯ ಪಕಾಸು ಒಮ್ಮೆ ಕೊಳೆತರೆ ಅದಕ್ಕೆ ಬದಲು ಬರುವುದು ಇನ್ನೊಂದು ನಿಂತ ಮರ, ಇಲ್ಲವೇ ನದಿಯ ಮರಳು ಮತ್ತು ಸಿಮೆಂಟು. ಮರಗಳ್ಳತನದ ವಿರುದ್ಧ ಸಭೆ ನಡೆಸುವ ನಾವು ತಲೆಯ ಮೇಲಿರುವ ಮರವನ್ನು ಉಳಿಸಿಕೊಳ್ಳುವ ಬಗ್ಗೆ ಮಾತಾಡುವುದಿಲ್ಲ. ಇನ್ನು ಆಹಾರದ ವಿಷಯ. ಶೇಕಡಾ 10ರಿಂದ 12ರ ತೇವಾಂಶಕ್ಕೆ ಒಣಗಿಸಿ ಅಟ್ಟಕ್ಕೇರಿಸಿದ ಕಾಳುಮೆಣಸು ಒದ್ದೆ ಗಾಳಿಯಿಂದ ಮತ್ತೆ ತೇವ ಎಳೆದುಕೊಳ್ಳುತ್ತದೆ. ಆಗ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಒರೆಸಿ, ಬಿಸಿಲಿಗೆ ಹರವಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಪರಿಹಾರ ದುಬಾರಿಯಲ್ಲ. ಗಾಳಿ ಕೆಳಗಿನಿಂದ ಬಂದು ಮೇಲಿನಿಂದ ಹೋಗಬೇಕು. ಆದ್ದರಿಂದ ಸೂರಿನಂಚಿನಲ್ಲಿ ಕೆಲವು ಕಿಂಡಿ, ಎರಡೂ ಪಕ್ಕದ ಮುಕ್ಕೋನ ಗೋಡೆಗಳಲ್ಲಿ ನೆತ್ತಿಯ ಸಮೀಪ ಕೆಲವು ಕಿಂಡಿ. ಚಳಿಯ ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಅಂದಾಜಿನಂತೆ ಅಟ್ಟದ ವಿಸ್ತೀರ್ಣದ 150ರಲ್ಲಿ ಒಂದು ಭಾಗ ತೆರವಿರಬೇಕು. ಅಂದರೆ 600 ಚದರಡಿಯ ಅಟ್ಟಕ್ಕೆ 4 ಚದರಡಿ. ಅರ್ಧ ಕೆಳಗೆ, ಅರ್ಧ ಮೇಲೆ. ನಮ್ಮಲ್ಲಿ ಇನ್ನಷ್ಟು ಹೆಚ್ಚಿದ್ದರೂ ಚಳಿಯ ಭಯವಿಲ್ಲ. ಇಲಿ, ಬಾವಲಿ ನುಗ್ಗದಂತೆ ಜಾಲರಿ, ಎರಚಲು ಬೀಳದಂತೆ ಓರೆ ಹಲಗೆ ಇರಲಿ. ಬಚ್ಚಲೊಲೆಯ ಹೊಗೆಕೊಳವೆ ಮತ್ತು ಅಡಿಗೆಮನೆಯ ಫ್ಯಾನು ಅಟ್ಟದೊಳಗೆ ಬಾಯಿ ತೆರೆಯದೆ ಮನೆಯ ಹೊರಗೇ ತೆರೆಯಬೇಕು. ಹಂಚಿನ ಮೇಲೆಯೇ ತಗಡು ಹೊದಿಸುವವರು ನಡುವೆ ಗಾಳಿಯಾಡುವಷ್ಟು ಜಾಗ ಬಿಡಲಿ. ಮೂಟೆಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ.

ಇದೆಲ್ಲ ಮಾಡಿದರೂ ಆಷಾಢ, ಶ್ರಾವಣಗಳಲ್ಲಿ ಅಟ್ಟ ಪೂರ್ತಿ ಒಣಗದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಆಗುಂಬೆಯಂಥ ಊರಲ್ಲಿ ಹೊರಗಿನ ಗಾಳಿಯೇ ಒದ್ದೆ. ಅದು ಒಳಬಂದು ಏನನ್ನು ಒಣಗಿಸೀತು? ಆ ಎರಡು ತಿಂಗಳು ಒದ್ದೆ ಬಟ್ಟೆಯನ್ನು ಅಟ್ಟದಲ್ಲಿ ಹರವಬೇಡಿ. ಬಿತ್ತನೆಬೀಜವನ್ನೂ ಮೆಣಸನ್ನೂ ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಗಳಿಗೆ ತುಂಬಿ ಮಳೆ ಹಿಡಿಯುವ ಮೊದಲೇ ಕೆಳಗಿಳಿಸಿ. ಕಿಂಡಿ ತೆಗೆಸುವ ಕೆಲಸಕ್ಕೆ ಮಾಘ, ಫಾಲ್ಗುಣ ಒಳ್ಳೆಯ ಕಾಲ. ಗೋಡೆ ಒಣಗಿರುತ್ತದೆ, ಅಡಿಕೆ ಕೊಯ್ಲೂ ಬಹುತೇಕ ಮುಗಿದು ಆಳು ಸಿಗುತ್ತಾರೆ.