ಲ್ಯಾಬಿನ ಬ್ಯಾಕ್ಟೀರಿಯಾ ನಮ್ಮೂರ ಬೋರ್‌ವೆಲ್ ನೀರನ್ನೂ ನೋಡಲಿ

ಬೆಂಗಳೂರಿನ ಅಮೃತಹಳ್ಳಿ ಪಕ್ಕದ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರವಿದೆ. ಹತ್ತಿರದ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಇದೆ. ಅಲ್ಲಿನ ಜೀನ್ ಸಂಶೋಧನೆಯಿಂದ ಹಳ್ಳಿಗೇನು ಲಾಭ ಎಂದು ಕೇಳುವ ಹಕ್ಕು ನಮಗಿದೆ.

ಈ ವಿದ್ಯೆಯ ಒಂದು ಲಾಭ ಈಗಾಗಲೇ ಸಕ್ಕರೆ ಕಾಯಿಲೆಯವರ ಮನೆಯಲ್ಲಿದೆ. ಮನುಷ್ಯರ ಇನ್ಸುಲಿನ್ ಜೀನ್ ಸೇರಿಸಿದರೆ ಬ್ಯಾಕ್ಟೀರಿಯಾ ಇನ್ಸುಲಿನ್ ತಯಾರಿಸುತ್ತದೆ. ಅಮೆರಿಕದಲ್ಲಿ 1982ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾಡಿದ ಇನ್ಸುಲಿನ್ ತಂದಿತು.

ಕರೆಂಟ್ ಬಂದ ಕೂಡಲೇ ಮೋಟರ್ ಓಡಿಸುವ ಆಟೋ ಸ್ಟಾರ್ಟರ್ ಗೊತ್ತಲ್ಲ? ಹಾಗೆಯೇ, ಒಂದು ವಸ್ತು ಸಿಕ್ಕ ಕೂಡಲೇ ಕೆಲಸಕ್ಕಿಳಿಯುವಂತೆ ಜೀನ್‌ಗಳನ್ನು ಜೋಡಿಸಬಹುದು. 2006ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಬಣ್ಣದ ಮೂಲಕ ತಿಳಿಸುವ ಬ್ಯಾಕ್ಟೀರಿಯಾ ರೂಪಿಸಿದರು.

ಯಾದಗಿರಿ, ರಾಯಚೂರು ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್‌ಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದರೆ ಚರ್ಮ ಕೆಡುತ್ತದೆ, ಕ್ಯಾನ್ಸರೂ ಬರಬಹುದು. ಇಂಥ ಅಗ್ಗದ ಪರೀಕ್ಷೆ ಗ್ರಾಮ ಪಂಚಾಯಿತಿಯ ಕೈಗೇ ಬರಬೇಕು. ಆದರೆ ಆ ಬ್ಯಾಕ್ಟೀರಿಯಾ ಮುಚ್ಚಿದ ಸೀಸೆ ಬಿಟ್ಟು ಹೊರಬರಬಾರದು. 1989ರ ನಿಯಮಗಳಂತೆ ಸರ್ಕಾರದ ಒಪ್ಪಿಗೆಯೂ ಬೇಕು.

ಸೀಸೆಯ ಬಣ್ಣ ಬದಲಾದ ದಿನ ಊರಿಗೆ ಬೇರೆ ನೀರು ಕೊಡುವವರು ಯಾರು? ಇದನ್ನು ಗ್ರಾಮಸಭೆಯಲ್ಲಿ ಈಗಲೇ ಕೇಳೋಣ.