ಬಿಡುವಿನ ಹೊತ್ತು: ಒಂದು ಎಲೆ, ಒಂದು ಪೆನ್ಸಿಲ್ಲು



ಊಟವಾದ ಮೇಲೆ ಸವಣೂರಿನ ಎಲೆಗೆ ಸುಣ್ಣ ಸವರಿ, ಮಡಿಚಿ ಬಾಯಿಗಿಡುವುದು ನಮ್ಮ ಕಡೆ ಹೊಸದಲ್ಲ. ಸುಣ್ಣ ಸವರುವ ಮುಂಚೆ ಆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಅದರ ದೊಡ್ಡ ನರಗಳೆಲ್ಲ ತೊಟ್ಟಿನ ಹತ್ತಿರದಿಂದಲೇ ಹೊರಟು, ಬಾಗಿ ತುದಿಯ ಕಡೆಗೆ ಹೋಗುತ್ತವೆ. ಮಾವಿನ ಎಲೆಯದು ಹಾಗಲ್ಲ. ನಡುವೆ ಒಂದು ದಪ್ಪ ನರ, ಅದರ ಎರಡೂ ಮಗ್ಗುಲಿಗೆ ಬಾಚಣಿಕೆಯ ಹಲ್ಲಿನಂತೆ ಸಣ್ಣ ನರಗಳು. ಒಂದರಲ್ಲಿ ತಾಂಬೂಲ ಕೊಡುತ್ತೇವೆ, ಇನ್ನೊಂದರಲ್ಲಿ ತೋರಣ ಕಟ್ಟುತ್ತೇವೆ. ಆದರೂ ನೋಡದೆ ಬರೆಯಿರಿ ಅಂದರೆ ಎರಡನ್ನೂ ಒಂದೇ ಥರ ಬರೆದುಬಿಡುತ್ತೇವೆ!

ಹೀಗೆ ನೋಡಿ ನೋಡಿ ಬರೆಯುವುದನ್ನೇ ಕಸುಬು ಮಾಡಿಕೊಂಡ ಹೆಣ್ಣುಮಗಳೊಬ್ಬರು ನಮ್ಮ ನಾಡಿನಲ್ಲೇ ಇದ್ದಾರೆ. ಅವರು ಬೆಂಗಳೂರಿನ ನಿರುಪಾ ರಾವ್. ಓದಿದ್ದು ಸಮಾಜಶಾಸ್ತ್ರ, ಗಿಡಮರಗಳ ಚಿತ್ರ ಬರೆಯುವುದನ್ನು ತಾವಾಗಿಯೇ ಕಲಿತರು. ಕರ್ನಾಟಕದ ಸಸ್ಯಸಂಪತ್ತನ್ನು ದಾಖಲೆ ಮಾಡಿದ ಫಾದರ್ ಸೆಸಿಲ್ ಸಲ್ಡಾನ್ಹಾ ಇವರಿಗೆ ಅಜ್ಜನ ವರಸೆಯವರು. ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ಎಂಬ ವಿಜ್ಞಾನಿಗಳ ಜೊತೆ ಸೇರಿ ಪಶ್ಚಿಮ ಘಟ್ಟದ ಮಹಾವೃಕ್ಷಗಳ ಬಗ್ಗೆ 2018ರಲ್ಲಿ ‘ಪಿಲ್ಲರ್ಸ್ ಆಫ್ ಲೈಫ್’ ಎಂಬ ಪುಸ್ತಕ ತಂದರು. 2019ರಲ್ಲಿ ಘಟ್ಟದ ವಿಚಿತ್ರ ಸಸ್ಯಗಳ ಬಗ್ಗೆ ‘ಹಿಡನ್ ಕಿಂಗ್ಡಮ್’ ಬಂತು.

“ಮೊಬೈಲಿನಾಗ ಫೋಟೊ ತೆಗೆದ್ರ ಆತಲ್ಲ, ಕೈಯಿಂದ ಯಾಕ ಬರೀಬೇಕು?” ಅಂತ ಮನೆಯ ಮಕ್ಕಳು ಕೇಳಿಯಾರು. ದಟ್ಟ ಕಾಡಿನಲ್ಲಿ ಮುಗಿಲೆತ್ತರದ ಮರದ ಬುಡಕ್ಕೆ ನಿಂತರೆ ಕ್ಯಾಮೆರಾಕ್ಕೆ ಇಡೀ ಮರ ಸಿಗುವುದಿಲ್ಲ. ಪಕ್ಕದ ಮರ, ಬಳ್ಳಿ, ನೆರಳು ಎಲ್ಲ ಅಡ್ಡ ಬರುತ್ತವೆ. ಬರೆಯುವ ಕೈ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಬೇರಿನಿಂದ ನೆತ್ತಿಯವರೆಗೆ ಬಿಡಿಸಿ ತೋರಿಸುತ್ತದೆ. ಇನ್ನೊಂದು ಮಾತು: ಫೋಟೊ ಒಂದು ಗಳಿಗೆಯದು. ಸಸ್ಯಚಿತ್ರದಲ್ಲಿ ಚಿಗುರು, ಮೊಗ್ಗು, ಹೂ, ಕಾಯಿ, ಬೀಜ ಒಂದೇ ಹಾಳೆಯ ಮೇಲಿರಬಹುದು. ಇವೆಲ್ಲ ಒಂದೇ ದಿನ ಸಿಗುವಂಥವಲ್ಲ, ಕಾಯಬೇಕು.

ಅದಕ್ಕಾಗಿ ಕಾಡಿಗೇ ಹೋಗಬೇಕೆಂದಿಲ್ಲ. ಜಪಾನಿನ ಕಲಾವಿದೆ ಅಸುಕಾ ಹಿಶಿಕಿ ಅಡುಗೆಮನೆಯ ತರಕಾರಿಯನ್ನೂ ಕಾಲಡಿಯ ಕಳೆಯನ್ನೂ ಬಲು ನವುರಾಗಿ ಜಲವರ್ಣದಲ್ಲಿ ಬರೆಯುತ್ತಾರೆ. ಜಪಾನಿನವರು ಅರೆದು ಊಟಕ್ಕೆ ನಂಚಿಕೊಳ್ಳುವ ವಾಸಾಬಿ ಎಂಬ ಖಾರದ ಗಿಡ, ಹಳೆಯ ತಳಿಯ ಉಬ್ಬುತಗ್ಗಿನ ಟೊಮೆಟೊ, ಇಂಥವೇ ಅವರ ವಸ್ತು.

“ನಮಗೆಲ್ಲಿ ಬರ್ತೈತ್ರಿ” ಅನ್ನಬೇಡಿ. ಬೆಳಗಾದರೆ ಅಂಗಳದಲ್ಲಿ ರಂಗೋಲಿ ಎಳೆಯುವ ಕೈ ನಿಮ್ಮದು, ಎಳೆ ಎಣಿಸಿ ಕಸೂತಿ ಹಾಕುವ ಕಣ್ಣು ನಿಮ್ಮದು. ಒಂದೇ ಎಚ್ಚರ: ರಂಗೋಲಿಯ ಕಮಲಕ್ಕೆ ದಳವೆಲ್ಲ ಒಂದೇ ಸಮ, ಗಿಡದ ಹೂವಿಗೆ ಹಾಗಿಲ್ಲ. ಒಂದು ದಳ ಮಡಿಚಿರುತ್ತದೆ, ಒಂದು ಎಲೆಯನ್ನು ಹುಳ ತಿಂದಿರುತ್ತದೆ. ಅಂದಗಾಣಿಸಲು ಹೋಗದೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಬೇಕಾಗುವ ಸಾಮಾನು: ಗೆರೆಯಿಲ್ಲದ ಡ್ರಾಯಿಂಗ್ ಪುಸ್ತಕ, ಎಚ್.ಬಿ. ಪೆನ್ಸಿಲ್, ರಬ್ಬರ್, ಅಳತೆಪಟ್ಟಿ, ಒಂದು ಲೋಟ ನೀರು.

ಮಾಡುವ ವಿಧಾನ: ಸಣ್ಣ ಟೊಂಗೆಯನ್ನು ನೀರಿನ ಲೋಟದಲ್ಲಿಡಿ, ಬಾಡುವುದಿಲ್ಲ. ಬಲಗೈಯವರು ಬೆಳಕು ಎಡಗಡೆಯಿಂದ ಬೀಳುವಂತೆ ಕೂಡಿ. ಎಲೆಯ ಉದ್ದ, ಅಗಲ ಅಳೆದು ಹಾಳೆಯ ಮೇಲೆ ಹಗುರವಾಗಿ ಗುರುತು ಮಾಡಿ. ಮೊದಲು ನಡುನರ, ಆಮೇಲೆ ಅಂಚು, ಕೊನೆಗೆ ಸಣ್ಣ ನರ. ಅರ್ಧ ಹಾಳೆಯನ್ನು ಹೂವಿಗೂ ಕಾಯಿಗೂ ಖಾಲಿ ಬಿಡಿ. ಕೆಳಗೆ ತಾರೀಖು, ಊರು, ನಿಮ್ಮ ಮನೆಯಲ್ಲಿ ಆ ಗಿಡಕ್ಕೆ ಕರೆಯುವ ಹೆಸರು ಬರೆಯಿರಿ.

ಹಾನಗಲ್ಲಿನವರು ಮಾವು ಹಿಡಿದರೆ ಚಳಿಗಾಲದ ಹೂವಿನಿಂದ ಬೇಸಿಗೆಯ ಹಣ್ಣಿನತನಕ ಒಂದು ಹಾಳೆ ತುಂಬುತ್ತದೆ. ಹಿರೇಕೆರೂರಿನವರಿಗೆ ಹತ್ತಿ ಇದೆ. ಇವತ್ತು ತಿಳಿಬಣ್ಣದಲ್ಲಿ ಅರಳಿದ ಹೂ ನಾಳೆಗೆ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಗಮನಿಸಿ. ಶಿಗ್ಗಾವಿಯವರು ಹೊಲದ ಹಕ್ಕರಕಿಯನ್ನು ಬರೆಯಲಿ. ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಈ ಪಲ್ಲೆಯನ್ನು ಕಳೆಯ ನಡುವೆ ಗುರುತಿಸುವುದು ಅತ್ತೆಯವರ ಕೈಗೆ ಗೊತ್ತು. ಕಳೆನಾಶಕ ಹೊಡೆದ ಹೊಲದಲ್ಲಿ ಅದು ಉಳಿಯುವುದಿಲ್ಲ. ಗಿಡ ಹೋದರೆ ಗುರುತು ಹೋಗುತ್ತದೆ, ಗುರುತು ಹೋದರೆ ಹೆಸರೂ ಹೋಗುತ್ತದೆ. ನಿಮ್ಮ ಮಗಳ ಕಾಲಕ್ಕೆ ಅದನ್ನು ತೋರಿಸಿಕೊಡುವವರು ಯಾರು?

ದೊಡ್ಡ ಮರವೂ ಶಾಶ್ವತವಲ್ಲ. ಸವಣೂರಿನ ಮಠದ ಆವರಣದ ಮೂರು ದೊಡ್ಡಹುಣಸೆ ಮರಗಳನ್ನು ನೀವು ನೋಡಿರಬಹುದು. ಹೆಸರು ಹುಣಸೆ, ಕಾಯಿಯ ತಿರುಳೂ ಹುಳಿಯೇ. ಆದರೆ ಎಲೆ ನೋಡಿ: ಅಂಗೈಯ ಬೆರಳಿನ ಹಾಗೆ ಅಗಲಿಸಿದ ದಳಗಳು, ಹುಣಸೆಯ ಪುಟ್ಟ ಎಲೆಗೂ ಇದಕ್ಕೂ ಸಂಬಂಧವೇ ಇಲ್ಲ. ಆಫ್ರಿಕಾ ಮೂಲದ ಬೇವೊಬಾಬ್ ಇದು. ಇದರ ದೊಡ್ಡ ಬಿಳಿ ಹೂ ರಾತ್ರಿ ಅರಳುತ್ತದೆ. 2023ರ ಜುಲೈನಲ್ಲಿ ಈ ಮೂರರಲ್ಲಿ ಒಂದು ಉರುಳಿಬಿತ್ತು. ಅದನ್ನು ಮತ್ತೆ ಎತ್ತಿ ನೆಟ್ಟರು. ಆ ಊರಿನ ಸೋದರಿಯರು ಒಂದು ಎಲೆಯನ್ನಾದರೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ ಎಂದು ನನ್ನ ಆಸೆ.

ಈ ಹದಿನೈದು ದಿನದಲ್ಲಿ ಒಂದೇ ಹಾಳೆ ಸಾಕು. ಬರೆದಾದ ಮೇಲೆ ಮನೆಯ ಹಿರಿಯಳ ಪಕ್ಕ ಕುಳಿತು, “ಇದಕ್ಕ ಏನಂತಾರವ್ವಾ?” ಅಂತ ಕೇಳಿ, ಆಕೆ ಹೇಳಿದ ಹೆಸರನ್ನೇ ಬರೆಯಿರಿ. ಬಣ್ಣ ಹಚ್ಚುವ ಬಗೆ ಮುಂದಿನ ಸಂಚಿಕೆಯಲ್ಲಿ.