ಮದುವೆಗೆ ಮುಂಚಿನ ನಾಮಿನಿ

ಕೆಲಸಕ್ಕೆ ಸೇರಿದ ದಿನ ನಾಮಿನಿ ಕಾಲಮ್ಮಿನಲ್ಲಿ ತಾಯಿಯ ಹೆಸರು ಬರೆದವನು ಮುಂದೆ ಮದುವೆಯಾಗಿ, ಮಗುವಾಗಿ, ಆ ಹೆಸರನ್ನು ಮುಟ್ಟದೆಯೇ ತೀರಿಕೊಂಡರೆ ವಿಮೆಯ ಹಣ ಯಾರದು? ಚನ್ನಗಿರಿಯಲ್ಲಿ ಕೇಳಿ, ಜಗಳೂರಿನಲ್ಲಿ ಕೇಳಿ, ‘ಕಾಗದದಲ್ಲಿ ಹೆಸರಿದ್ದವರದು’ ಎನ್ನುವವರೇ ಹೆಚ್ಚು. ಕಾನೂನು ಹಾಗೆ ಹೇಳುವುದಿಲ್ಲ, ಹೇಳಲೂಬಾರದು.

ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸುವವರು ಮಾತ್ರ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಸರ್ಬತಿ ದೇವಿ ಪ್ರಕರಣದಲ್ಲಿ ಹೇಳಿತು. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂದು, ತಂದೆತಾಯಿ, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರಿಗೇ ಸಲ್ಲುತ್ತದೆ ಎಂದಾಗ ಗೊಂದಲ ಶುರುವಾಯಿತು. ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದವನೊಬ್ಬನ ಪ್ರಕರಣ ಧಾರವಾಡ ಪೀಠದ ಮುಂದೆ ಬಂತು. ವಾರಸುದಾರರು ಕೇಳಿದರೆ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನಿಗೆ ಮಣಿಯಬೇಕು ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ತೀರ್ಪಿತ್ತಿತು. ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು. ಎಲ್ಲ ಹೈಕೋರ್ಟುಗಳೂ ಹೀಗೆ ಓದಿಲ್ಲ.

ಸತ್ತವನ ಇಚ್ಛೆಯನ್ನು ಮೀರಿದಂತಾಗಲಿಲ್ಲವೇ ಎಂಬ ಆಕ್ಷೇಪ ಹಗುರವಲ್ಲ. ಆದರೆ ಹೆಂಡತಿಯೇ ಇಲ್ಲದಿದ್ದಾಗ ಬರೆದದ್ದನ್ನು ಹೆಂಡತಿಯನ್ನು ಬಿಟ್ಟು ಬರೆದದ್ದೆಂದು ಓದುವುದು ಹೇಗೆ? ಆಮೇಲಿನ ಮೌನ ಬಹುಪಾಲು ಮರೆವು. ಹಾಗೆಂದು ತಾಯಿಯನ್ನು ಹೊರಗಿಡುವುದೂ ನ್ಯಾಯವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆಕೆಯನ್ನೂ ಮೊದಲ ದರ್ಜೆಯ ವಾರಸುದಾರಳೆಂದೇ ಎಣಿಸುತ್ತದೆ.

ಆದರೂ ಕೋರ್ಟು ಹತ್ತಿದ ಮೇಲೆ ಸಿಗುವ ಹಕ್ಕು ಅರ್ಧ ಹಕ್ಕು. ಗಂಡ ಸತ್ತ ಮನೆಗೆ ದುಡ್ಡು ಬೇಕಾಗುವುದು ಆ ತಿಂಗಳ ರೇಷನ್ನಿಗೆ, ಮಗುವಿನ ಫೀಸಿಗೆ. ನ್ಯಾಮತಿಯ ವಿಧವೆ ವಕೀಲರ ಬಾಗಿಲು ತಟ್ಟಿ, ಅತ್ತೆಯ ಎದುರೇ ದಾವೆ ಹೂಡಬೇಕಾದರೆ ಗೆದ್ದರೂ ಮನೆ ಒಡೆದಿರುತ್ತದೆ.

ಇದಕ್ಕೆ ದಾರಿ ಪಿಎಫ್ ನಿಯಮದಲ್ಲೇ ಇದೆ. ಕುಟುಂಬವಿಲ್ಲದಾಗ ಮಾಡಿದ ನಾಮನಿರ್ದೇಶನ ಕುಟುಂಬವಾದ ಕೂಡಲೇ ರದ್ದು, ಹೊಸದು ಕೊಡಬೇಕು. ಪಿಎಫ್ ಜೊತೆಗೇ ಬರುವ, ನೌಕರನಿಂದ ಬಿಡಿಗಾಸೂ ಕಡಿಯದೆ 7 ಲಕ್ಷ ರೂಪಾಯಿವರೆಗೆ ಕೊಡುವ ಇಡಿಎಲ್‌ಐ ವಿಮೆಯ ಹಣವೂ ಇದೇ ನಾಮನಿರ್ದೇಶನದಂತೆ ಸಲ್ಲುತ್ತದೆ. ವಿಮಾ ಕಾಯ್ದೆಯಲ್ಲಿ ಮದುವೆಗೆ ಅಂಥ ಬಲವಿಲ್ಲ. ಇರಬೇಕು.

ಕಾಯ್ದೆ ಬದಲಾಗುವತನಕ ಹೊಣೆ ಕಚೇರಿಗಳದು. ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿ ಮತ್ತು ಚಿತ್ರದುರ್ಗದಲ್ಲಿದ್ದ ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು; ಮುಂದೆ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿಯೇ ತಾಲ್ಲೂಕಾಯಿತು. ಆಗೆಲ್ಲ ಸರ್ಕಾರಿ ದಾಖಲೆಗಳು ಹೊಸ ವಿಳಾಸ ಕಂಡವು. ಮದುವೆಯಾದ ನೌಕರನ ದಾಖಲೆಗೆ ಮಾತ್ರ ಯಾಕೆ ಆ ಭಾಗ್ಯವಿಲ್ಲ? ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟ್ ಕೊಡುವಾಗ ಸರ್ಕಾರಿ ನೌಕರರ ಕೆಜಿಐಡಿ ವಿಮೆ, ಪಿಎಫ್, ಗುಂಪುವಿಮೆಗಳ ನಾಮಿನಿ ಹೆಸರನ್ನು ನೌಕರನಿಗೆ ತೋರಿಸಿ ಸಹಿ ಪಡೆಯುವುದು ಕಡ್ಡಾಯವಾಗಲಿ. ಐದು ನಿಮಿಷದ ಈ ಕೆಲಸವನ್ನು ಕಚೇರಿ ಮಾಡದಿದ್ದರೆ, ಅದನ್ನೇ ಕೋರ್ಟು ವರ್ಷಗಟ್ಟಲೆ ಮಾಡಬೇಕಾಗುತ್ತದೆ, ಖರ್ಚು ವಿಧವೆಯದು.